ನಾಲ್ಕು ಪರಮಾಣುಗಳ ಗುರುತು

ಒಂದು ಇಂಗಾಲ, ಮೂರು ಜಲಜನಕ. ಮೀಥೈಲ್ ಗುಂಪು ಎಂದರೆ ಇಷ್ಟೇ. ಇದು ಡಿಎನ್‌ಎಯ ಸೈಟೋಸಿನ್ ಎಂಬ ಅಕ್ಷರಕ್ಕೆ ಅಂಟಿಕೊಂಡರೆ ಆ ಅಕ್ಷರ ಬದಲಾಗುವುದಿಲ್ಲ. ಆ ಜೀನ್ ದುಡಿಯಬೇಕೋ ಸುಮ್ಮನಿರಬೇಕೋ ಎಂಬುದು ಬದಲಾಗಬಹುದು. ನಮ್ಮ 300 ಕೋಟಿ ಅಕ್ಷರಗಳ ಜೀನೋಮಿನಲ್ಲಿ ಇದು ಸಾಮಾನ್ಯವಾಗಿ ಕೂರುವ ತಾಣಗಳು ಸುಮಾರು 2.8 ಕೋಟಿ. ಲಿವರ್ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಇರುವ ಬರಹ ಒಂದೇ, ಗುರುತು ಬಿದ್ದ ಜಾಗಗಳು ಬೇರೆ. ಕೋಶ ಕೆಟ್ಟು ಗೆಡ್ಡೆಯಾದರೂ ತಾನು ಯಾವ ಮನೆತನದ್ದು ಎಂಬ ಗುರುತನ್ನು ಬಹುಮಟ್ಟಿಗೆ ಬಿಟ್ಟುಕೊಡುವುದಿಲ್ಲ.

ಈ ಗುರುತನ್ನು ಓದಲು ಲ್ಯಾಬ್‌ಗೆ 250 ನ್ಯಾನೊಗ್ರಾಂ ಡಿಎನ್‌ಎ ಇದ್ದರೆ ಸಾಕು. ಗ್ರಾಮಿನ 40 ಲಕ್ಷದಲ್ಲಿ ಒಂದು ಪಾಲು! ಆಪರೇಷನ್ ಆದಮೇಲೆ ಮೇಣದಲ್ಲಿ ಹುದುಗಿಸಿಟ್ಟ ಹಳೆಯ ತುಣುಕಿನಿಂದಲೂ ಅಷ್ಟು ಸಿಗುತ್ತದೆ. ಅದಕ್ಕೆ ಸೋಡಿಯಂ ಬೈಸಲ್ಫೈಟ್ ಬೆರೆಸುತ್ತಾರೆ. ಗುರುತಿಲ್ಲದ ಸೈಟೋಸಿನ್ ಯುರಾಸಿಲ್ ಆಗುತ್ತದೆ, ಗುರುತಿದ್ದದ್ದು ಹಾಗೇ ಉಳಿಯುತ್ತದೆ. ಆಮೇಲೆ ಚಿಪ್‌ಗೆ ಹಾಕುವುದು. ಇಪಿಕ್ ಎಂಬ ಚಿಪ್ ಒಬ್ಬ ರೋಗಿಯ 8.5 ಲಕ್ಷಕ್ಕೂ ಹೆಚ್ಚು ತಾಣಗಳನ್ನು ಒಂದೇ ಸಲಕ್ಕೆ ಅಳೆಯುತ್ತದೆ. ಸೆಕೆಂಡಿಗೊಂದರಂತೆ ನಾವು ಎಣಿಸುತ್ತಾ ಕೂತರೆ ಹಗಲು ರಾತ್ರಿ ಸೇರಿ ಹತ್ತು ದಿನ ಬೇಕು. ಹಾಗಿದ್ದೂ ಇದು ಒಟ್ಟು ತಾಣಗಳ ನೂರಕ್ಕೆ ಮೂರು ಪಾಲು ಮಾತ್ರ.

ಇದರ ಬಲ ಚೆನ್ನಾಗಿ ಕಂಡದ್ದು ಮಿದುಳಿನ ಗೆಡ್ಡೆಗಳಲ್ಲಿ. ಜರ್ಮನಿಯ ಹೈಡೆಲ್‌ಬರ್ಗ್ ತಂಡ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಅದು. 2,801 ಮಾದರಿಗಳನ್ನು ತೋರಿಸಿ ಕಂಪ್ಯೂಟರಿಗೆ 82 ಬಗೆಯ ಗೆಡ್ಡೆಗಳ ಗುರುತು ಕಲಿಸಿದರು. ಹೊಸ ಮಾದರಿ ಬಂದಾಗ ಅದು ಯಾವ ಬಗೆಯದೆಂದು 10,000 ನಿರ್ಣಯ-ವೃಕ್ಷಗಳು, ಅಂದರೆ ಒಂದರ ಹಿಂದೊಂದು ಪ್ರಶ್ನೆ ಕೇಳಿ ಉತ್ತರಕ್ಕೆ ಬರುವ ಲೆಕ್ಕಗಳು, ಮತ ಹಾಕುತ್ತವೆ. 1,104 ರೋಗಿಗಳ ಮಾದರಿ ಕೊಟ್ಟು ಪರೀಕ್ಷಿಸಿದಾಗ ಸುಮಾರು ನೂರಕ್ಕೆ 12 ಮಂದಿಯ ರೋಗದ ಹೆಸರೇ ಬದಲಾಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದವರು ಕಸುಬು ಗೊತ್ತಿಲ್ಲದವರಲ್ಲ. ಎರಡು ಬೇರೆ ಗೆಡ್ಡೆಗಳು ಗಾಜಿನ ಮೇಲೆ ಒಂದೇ ಥರ ಕಂಡರೆ ಕಣ್ಣು ಏನು ಮಾಡೀತು? ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗಬಹುದು. ಯಂತ್ರ ಸರ್ವಜ್ಞ ಎಂದೇನೂ ಅಲ್ಲ. ಆ 1,104ರಲ್ಲಿ ಮತ್ತೆ ನೂರಕ್ಕೆ ಸುಮಾರು 12 ಪಾಲು ಯಾವ ಬಗೆಗೂ ಖಚಿತವಾಗಿ ಹೊಂದಲೇ ಇಲ್ಲ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಿದುಳಿನ ಗೆಡ್ಡೆಗಳ ವರ್ಗೀಕರಣವನ್ನು ಪರಿಷ್ಕರಿಸಿತು. ಪೈಲಾಯ್ಡ್ ಲಕ್ಷಣಗಳ ಉಗ್ರ ಆಸ್ಟ್ರೋಸೈಟೋಮಾ ಎಂಬ ಹೊಸ ಹೆಸರು ಅದರಲ್ಲಿದೆ. ಆ ರೋಗವನ್ನು ಖಚಿತಪಡಿಸಲು ಈ ಮೀಥೈಲ್ ಗುರುತುಗಳನ್ನು ಓದುವ ಮೀಥೈಲೇಷನ್ ಪರೀಕ್ಷೆ ಕಡ್ಡಾಯ.