ಮನೆಯೊಳಗಣ ಸೀತಾಳೆಗೆ ಋತುವಿನ ಅರಿವು

ಆಲೂರು ಸೀಮೆಯ ಕುಂದೂರಿನಿಂದ ಸಕಲೇಶಪುರದ ಕಡೆಗೆ ಹಬ್ಬಿರುವ ಕಾಫಿ ತೋಟಗಳಲ್ಲಿ, ನೆರಳಿಗೆಂದು ಉಳಿಸಿಕೊಂಡ ಹಲಸು, ನೇರಳೆ, ಅತ್ತಿ ಮರಗಳ ಕವಲುಗಳಿಂದ, ಮುಂಗಾರು ಸಮೀಪಿಸುವ ಕಾಲಕ್ಕೆ ನಸುಗೆಂಪು ಚುಕ್ಕೆಯ ಹೂಗೊಂಚಲುಗಳನ್ನು ಜಡೆಯಂತೆ ಇಳಿಬಿಡುವ ಸೀತಾಳೆ ದಂಡೆಯನ್ನು ಮಲೆನಾಡಿಗರೆಲ್ಲರೂ ಬಲ್ಲರು. ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಹಬ್ಬದಲ್ಲಿ ಮುಡಿಯುವ ಕಪೌ ಹೂವೂ ಇದೇ. ಬಂದಣಿಕೆಯ ಹಾಗೆ ಇದು ಆಶ್ರಯವಿತ್ತ ಮರದ ರಸವನ್ನು ಹೀರುವುದಿಲ್ಲ. ಮರವು ಇದಕ್ಕೆ ನೆಲೆ ಮಾತ್ರ. ನೀರನ್ನು ಮಳೆ ಮಂಜುಗಳಿಂದಲೂ, ಆಹಾರವನ್ನು ತೊಗಟೆಯ ಬಿರುಕುಗಳಲ್ಲಿ ತಂಗಿದ ಕಸಕಡ್ಡಿಗಳ ಸಾರದಿಂದಲೂ ತಾನೇ ಸಂಪಾದಿಸಿಕೊಳ್ಳುವುದು.

ಇದೇ ಆರ್ಕಿಡ್ ಕುಲದ ಗಿಡವೊಂದನ್ನು ಕುಂಡದಲ್ಲಿಟ್ಟು ಪ್ರತಿದಿನವೂ ನೀರೆರೆದು ಸಲಹಿದವರು, ಎಲೆ ಸೊಂಪಾಗಿ ಬೆಳೆದರೂ ಹೂವೇಕೆ ಬಾರದೆಂದು ಕೊರಗುವುದುಂಟು. ಉತ್ತರದ ಸುಳಿವು ಅಂಗಳದಾಚೆಯ ತೋಟದಲ್ಲಿಯೇ ಇದೆ. ಕಾಫಿಯ ಮೊಗ್ಗು ಬೇಸಗೆಯ ಒಣಹವೆಯಲ್ಲಿ ಸುಪ್ತವಾಗಿದ್ದು, ಮಾರ್ಚ್ ಏಪ್ರಿಲ್‌ಗಳ ಹೂಮಳೆ ಬಿದ್ದ ಹತ್ತು ದಿನಗಳ ಆಸುಪಾಸಿನಲ್ಲಿ ಒಮ್ಮೆಗೇ ಅರಳುವುದಲ್ಲವೆ? ಒಣಗುವ ಅವಧಿಯೇ ಇಲ್ಲದಿದ್ದರೆ ಆ ಏಕಕಾಲದ ಅರಳುವಿಕೆಯೂ ಇಲ್ಲ. ಆರ್ಕಿಡ್ಡಿನ ಸಂಕೇತಗಳು ಬೇರೆಯಾದರೂ, ಋತು ಬದಲಾಯಿತೆಂಬ ಅರಿವು ಅದಕ್ಕೂ ಬೇಕು. ವರ್ಷವಿಡೀ ಒಂದೇ ಬಗೆಯ ಉಪಚಾರವು ಆ ಅರಿವನ್ನೇ ಕಸಿದುಕೊಳ್ಳುತ್ತದೆ.

ಇಂದು ಮನೆಗಳಲ್ಲಿ ಹೆಚ್ಚಾಗಿ ಕಾಣುವ ಫೆಲನಾಪ್ಸಿಸ್ ಎಂಬ ಆರ್ಕಿಡ್ಡಿಗೆ ಆ ಸಂಕೇತವು ತಂಪು. ಹಗಲಿರುಳೂ ಉಷ್ಣತೆ 28 ಡಿಗ್ರಿಗಿಂತ ಮೇಲೆಯೇ ಇದ್ದರೆ ಅದು ಎಲೆಯನ್ನಲ್ಲದೆ ಹೂದಂಟನ್ನು ಹೊರಡಿಸುವುದಿಲ್ಲ. ಇರುಳು 20 ಡಿಗ್ರಿಯ ಆಚೀಚೆಗೆ ಇಳಿದು ಕೆಲವು ವಾರ ಹಾಗೆಯೇ ನಿಂತರೆ, ಎಲೆಯ ಬುಡದಿಂದ ದಂಟು ಇಣುಕುವುದು. ಬೆಟ್ಟಸೀಮೆಯ ಚಳಿಗಾಲವು ಈ ತಂಪನ್ನು ಧಾರಾಳವಾಗಿ ಕೊಡುವುದರಿಂದ, ಇಲ್ಲಿಯವರು ಗಿಡವನ್ನು ಒಲೆಯ ಬಿಸುಪಿನಿಂದ ದೂರಕ್ಕೆ, ಮೂಡಣ ಕಿಟಕಿಯ ಬಳಿಗೆ ಸರಿಸಿದರೆ ಸಾಕು. ಡೆಂಡ್ರೋಬಿಯಂ ಜಾತಿಯಲ್ಲಿ ಕೆಲವು, ವಿಶೇಷವಾಗಿ ನೋಬಿಲೆ ವರ್ಗದವು, ತಂಪಿನೊಡನೆ ಒಣ ವಿಶ್ರಾಂತಿಯನ್ನೂ ಬಯಸುತ್ತವೆ. ಚಳಿಯಲ್ಲಿ ಎಲೆಯುದುರಿಸಿ ಬೋಳಾದ ಅವನ್ನು ಸಾಯುತ್ತಿವೆಯೆಂದು ಭ್ರಮಿಸಿ ಮರುಕದಿಂದ ನೀರುಣಿಸಿದರೆ, ಹೂವಾಗಬೇಕಾದ ಕಣ್ಣುಗಳು ಮರಿಗಿಡಗಳಾಗಿ ಒಡೆದುಬಿಡುವುವು.

ಬೆಳಕು ಸಾಲದಿದ್ದಲ್ಲಿ ಮಾತ್ರ ಇದಾವುದೂ ಫಲಿಸದು. ಎಲೆ ಕಡುಹಸುರಾಗಿದ್ದರೆ ಅದನ್ನು ಪುಷ್ಟಿಯೆಂದು ತಿಳಿಯಬಾರದು. ತಿಳಿಹಸುರೇ ಹೂವಿಗೆ ಒಳ್ಳೆಯ ಲಕ್ಷಣ. ನೀರಿನ ಹದವನ್ನು ಗಿಡದ ಬೇರುಗಳೇ ಹೇಳುವುವು: ಬೆಳ್ಳಗಿದ್ದರೆ ಒಣಗಿವೆ, ಹಸುರಿದ್ದರೆ ತಾಳಬಹುದು. ಮಣ್ಣು ಬೇಡ, ಇದ್ದಿಲು, ಇಟ್ಟಿಗೆಯ ಚೂರು, ತೆಂಗಿನ ಸಿಪ್ಪೆಗಳ ನಡುವೆ ಗಾಳಿಯಾಡುತ್ತಿರಬೇಕು.

ಆದರೆ ಕುಂಡಕ್ಕಾಗಿ ಕಾಡಿನ ಸೀತಾಳೆಯನ್ನು ಕಿತ್ತು ತರುವುದನ್ನು ನಾನು ಒಪ್ಪಲಾರೆ. ಧೂಳಿನಷ್ಟು ಸಣ್ಣದಾದ ಅದರ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರದ ಸಂಗ್ರಹವಿಲ್ಲದೆ, ನಿಸರ್ಗದಲ್ಲಿ ಅದು ಶಿಲೀಂಧ್ರವೊಂದರ ನೆರವಿನಿಂದಲೇ ಮೊಳೆಯಬೇಕಾಗಿದೆ. ಮೊಳೆತದ್ದು ಹೂ ಬಿಡಲು ವರ್ಷಗಳೇ ಬೇಕು. 1922ರಲ್ಲಿ ಲೂಯಿಸ್ ನಡ್ಸನ್ ಎಂಬ ಅಮೆರಿಕದ ವಿಜ್ಞಾನಿಯು ಶಿಲೀಂಧ್ರದ ಹಂಗಿಲ್ಲದೆ ಸಕ್ಕರೆ ಬೆರೆತ ಪೋಷಕದ್ರವ್ಯದಲ್ಲಿ ಬೀಜ ಮೊಳೆಯಿಸಬಹುದೆಂದು ತೋರಿದಂದಿನಿಂದ, ಸಸಿಗಳನ್ನು ಸೀಸೆಗಳಲ್ಲಿ ಬೆಳೆಸುವ ಮಾರ್ಗ ತೆರೆದಿದೆ. ನರ್ಸರಿಯ ಗಿಡಗಳೇ ನಮಗೆ ಸಾಕು. ನೆರಳುಮರಗಳನ್ನು ಸವರುವ ಮರಗಸಿಯ ಕಾಲದಲ್ಲಿಯೋ ಬಿರುಗಾಳಿಗೋ ಸೀತಾಳೆಯಿದ್ದ ಕೊಂಬೆ ನೆಲಕ್ಕೆ ಬಿದ್ದರೆ, ಅದನ್ನು ಸೌದೆಯೊಡನೆ ಒಟ್ಟದೆ, ಬೇರುಗಳಿಗೆ ಪೆಟ್ಟಾಗದಂತೆ ಬಿಡಿಸಿ, ಹತ್ತಿರದ ಹಲಸಿನ ಬೊಡ್ಡೆಗೆ ತೆಂಗಿನ ನಾರಿನಿಂದ ಕಟ್ಟಿರಿ. ಮುಂಗಾರು ಹಿಡಿಯುವ ಮುನ್ನ ಕಟ್ಟಿದರೆ ಆ ಮಳೆಗಾಲದಲ್ಲಿಯೇ ಹೊಸ ಬೇರು ತೊಗಟೆಯನ್ನು ಹಿಡಿಯುವುದು.