ಮುಳ್ಳು ಹೇಳುವುದೊಂದು, ಮೈಲಿಗಲ್ಲು ಹೇಳುವುದೊಂದು

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೊರಟ ಹೆದ್ದಾರಿಯು ತಳುಕನ್ನು ದಾಟಿ ಹಾನಗಲ್ಲಿನ ಬಳಿಗೆ ಬಂದಾಗ, ಅಲ್ಲಿಂದ ಒಂದು ಕವಲು ಮೊಳಕಾಲ್ಮೂರಿಗೆ ಹೊರಳುತ್ತದೆ. ಮಳೆ ಕಡಿಮೆಯಾದ ಬಯಲುಸೀಮೆ. ಎರಡು ಬದಿಗೂ ಶೇಂಗಾ ಬೆಳೆಯುವ ಹೊಲಗಳು, ಅಲ್ಲಲ್ಲಿ ಕಲ್ಲುಗುಡ್ಡಗಳು. ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ರೇಷ್ಮೆ ಸೀರೆಗಾಗಿ ಈ ದಾರಿ ಹಿಡಿಯುವವರುಂಟು.

ಅಂಥ ಒಂದು ಸಂಸಾರವು ಅಜ್ಜನ ಕಾಲದ ಅಂಬಾಸಡರ್ ಕಾರಿನಲ್ಲಿ ಹೊರಟಿದೆಯೆಂದು ವಾಚಕರು ಭಾವಿಸಿಕೊಳ್ಳಲಿ. ಸವೆದುಹೋಗಿದ್ದ ನಾಲ್ಕು ಗೇರಿನ ಪೆಟ್ಟಿಗೆಯನ್ನು ಕಳಚಿ ಐದು ಗೇರಿನದನ್ನು ಹಾಕಿಸಿ ಇನ್ನೂ ವಾರ ಕಳೆದಿಲ್ಲ. ಕಾರು ಸದ್ದಿಲ್ಲದೆ ಓಡುತ್ತಿದೆ. ಹಿಂದಿನ ಆಸನದಿಂದ ಅಜ್ಜಿ, “ಏನಪ್ಪಾ, ಇಷ್ಟು ಜೋರು ಯಾಕೆ? ಸ್ವಲ್ಪ ನಿಧಾನ ಓಡಿಸು” ಎನ್ನುತ್ತಾರೆ. “ಜೋರೆಲ್ಲಮ್ಮಾ? ಅರವತ್ತೇ ಇದೆ, ನೀನೇ ನೋಡು” ಎಂದು ಮಗ ಮುಳ್ಳನ್ನು ತೋರಿಸುತ್ತಾನೆ. ಮುಳ್ಳು ಅರವತ್ತರ ಮೇಲೆಯೇ ನಿಂತಿದೆ. ಆದರೆ ನಿಜ ಅಜ್ಜಿಯ ಕಡೆಗಿದೆ. ಕಾರು ಓಡುತ್ತಿರುವುದು ಗಂಟೆಗೆ ೭೫ ಕಿಲೋಮೀಟರ್ ವೇಗದಲ್ಲಿ!

ಇದು ನಗೆಯ ಮಾತಲ್ಲ. ಬ್ರೇಕು ಹಿಡಿದ ಮೇಲೆ ವಾಹನವು ನಿಲ್ಲುವವರೆಗೆ ಸಾಗುವ ದೂರವು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅರವತ್ತರಲ್ಲಿ ನಿಲ್ಲಲು ಬೇಕಾದುದಕ್ಕಿಂತ ಎಪ್ಪತ್ತೈದರಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು ದಾರಿ ಬೇಕು. ಅಡ್ಡ ಬಂದ ಕುರಿಮಂದೆಯ ಮುಂದೆ ಮುಳ್ಳಿನ ಸಾಕ್ಷ್ಯ ಯಾವ ಪ್ರಯೋಜನಕ್ಕೂ ಬಾರದು.

ಬದಲಾದದ್ದು ಗೇರುಪೆಟ್ಟಿಗೆ, ವೇಗಮಾಪಕವೇಕೆ ಸುಳ್ಳಾಡಬೇಕು?

ವೇಗಮಾಪಕಕ್ಕೆ ಕಣ್ಣಿಲ್ಲ; ಅದು ರಸ್ತೆಯನ್ನು ಕಂಡೇ ಇಲ್ಲ. ಗೇರುಪೆಟ್ಟಿಗೆಯಿಂದ ಹೊರಬಿದ್ದು ಹಿಂದಿನ ಚಕ್ರಗಳಿಗೆ ಶಕ್ತಿಯನ್ನು ಒಯ್ಯುವ ದಂಡದ ಮೇಲೆ ತಿರುಪಿನಂಥ ಹಲ್ಲುಗಳಿರುತ್ತವೆ. ಅವು ಪಕ್ಕದ ಒಂದು ಪುಟ್ಟ ಹಲ್ಲುಚಕ್ರವನ್ನು ತಿರುಗಿಸುತ್ತವೆ. ಆ ಚಕ್ರಕ್ಕೆ ಸಿಕ್ಕಿಸಿದ ಬಳುಕುವ ಕೇಬಲ್ಲು ಚಾಲಕನ ಮುಂದಿನ ಮಾಪಕದವರೆಗೆ ಬಂದು ಅಲ್ಲೊಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತವನ್ನು ಆವರಿಸಿದ ಅಲ್ಯೂಮಿನಿಯಂ ಬಟ್ಟಲು ಅದಕ್ಕೆ ತಾಗಿರುವುದಿಲ್ಲ. ಆದರೂ ಬಟ್ಟಲಿನಲ್ಲಿ ಹುಟ್ಟುವ ವಿದ್ಯುತ್ ಸುಳಿಗಳು ಅದನ್ನು ಅಯಸ್ಕಾಂತದ ಜೊತೆಗೆ ಎಳೆಯುತ್ತವೆ. ಕೂದಲೆಳೆಯಂಥ ಸುರುಳಿ ಕಮಾನೊಂದು ಹಿಂದಕ್ಕೆ ಜಗ್ಗುತ್ತದೆ. ಈ ಎರಡರ ಜಗ್ಗಾಟ ಸಮವಾದೆಡೆಯಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟ್ಟೋ ಶೂಲ್ಟ್ಸೆ ೧೯೦೨ರಲ್ಲಿ ಪೇಟೆಂಟ್ ಪಡೆದ ಈ ಸರಳ ಯುಕ್ತಿಯೇ ಶತಮಾನದ ಬಹುಭಾಗ ಜಗತ್ತಿನ ಕಾರುಗಳ ವೇಗವನ್ನು ಸಾರಿತು.

ಹೀಗೆ ಮಾಪಕವು ಬಲ್ಲದ್ದು ಒಂದೇ: ಕೇಬಲ್ಲಿನ ಸುತ್ತು. ಒಂದು ಕಿಲೋಮೀಟರಿಗೆ ಇಷ್ಟು ಸುತ್ತು ಎಂದು ಕಾರ್ಖಾನೆಯಲ್ಲಿ ಕಲಿಸಿದ ಪಾಠವನ್ನು ಅದು ಕೊನೆಯವರೆಗೂ ಒಪ್ಪಿಸುತ್ತದೆ. ಬ್ರಿಟನ್ನಿನ ಸ್ಮಿತ್ಸ್ ಸಂಸ್ಥೆಯ ಹಳೆಯ ಮಾಪಕಗಳ ಮುಖದ ಮೇಲೆ, ಮೈಲಿಯೊಂದಕ್ಕೆ ಎಷ್ಟು ಸುತ್ತೆಂಬ ಅಂಕೆಯನ್ನು ಸಣ್ಣಗೆ ಅಚ್ಚು ಮಾಡುತ್ತಿದ್ದರು.

ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ ಅಂಬಾಸಡರ್ ೧೯೫೭ರಿಂದ ೨೦೧೪ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ೧೯೯೦ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಎಂಜಿನ್ನನ್ನೂ ಐದು ಗೇರುಗಳನ್ನೂ ಹೊತ್ತ ಅಂಬಾಸಡರುಗಳು ಬಂದವು. ಅಂಥ ಪೆಟ್ಟಿಗೆಯನ್ನು ಹಳೆಯ ಕಾರಿಗೆ ಹೊಂದಿಸುವುದುಂಟು. ಆಗ ಮುಳ್ಳು ತಪ್ಪಿದರೆ, ತಪ್ಪು ಐದನೆಯ ಗೇರಿನದೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಕೇಬಲ್ಲಿನ ಚಲನೆ ಹುಟ್ಟುವುದು ಗೇರುಗಳನ್ನೆಲ್ಲ ದಾಟಿ ಹೊರಬಂದ ದಂಡದಿಂದ. ಯಾವ ಗೇರಿನಲ್ಲಿದ್ದರೂ ಆ ಲೆಕ್ಕ ಕೆಡುವುದಿಲ್ಲ. ಹೊಸ ಪೆಟ್ಟಿಗೆಯಲ್ಲಿರುವ ಆ ಪುಟ್ಟ ಚಕ್ರದ ಹಲ್ಲುಗಳ ಸಂಖ್ಯೆ ಬೇರೆಯಾಗಿರುವುದೇ ತಪ್ಪಿನ ಮೂಲ. ಹಿಂದಿನ ಅಚ್ಚಿನ ಕ್ರೌನು-ಪಿನಿಯನ್ನನ್ನಾಗಲಿ ಟೈರಿನ ಅಳತೆಯನ್ನಾಗಲಿ ಬದಲಿಸಿದರೂ ಇದೇ ಪ್ರಮಾದ ಒದಗುತ್ತದೆ.

ತಪ್ಪನ್ನು ಅಳೆಯುವುದು ಮನೆಯ ಮುಂದೆಯೇ ಸಾಧ್ಯ. ಸಮತಟ್ಟಾದ ನೆಲದಲ್ಲಿ ಸರಿಯಾಗಿ ೧೦ ಮೀಟರ್ ಅಳೆದು ಎರಡು ತುದಿಗೂ ರಂಗೋಲಿಯ ಗೆರೆ ಎಳೆಯಬೇಕು. ಟೈರಿನ ಗಾಳಿ ಸರಿಯಾಗಿರಬೇಕು. ಮಾಪಕದ ಹಿಂದಿನಿಂದ ಕೇಬಲ್ಲನ್ನು ಬಿಡಿಸಿ, ಅದರ ಒಳತಂತಿಯ ತುದಿಗೆ ಕಾಗದದ ಬಾಣವೊಂದನ್ನು ಅಂಟಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು ಕಾರನ್ನು ಮೆಲ್ಲನೆ ತಳ್ಳಬೇಕು. ಬಾಣದ ಸುತ್ತುಗಳನ್ನು ಎಣಿಸುವ ಕೆಲಸವನ್ನು ಮಕ್ಕಳು ಸಂತೋಷದಿಂದ ಮಾಡುತ್ತಾರೆ. ಬಂದ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ ಕಿಲೋಮೀಟರಿಗೆ ಎಷ್ಟು ಸುತ್ತೆಂಬುದು ತಿಳಿಯಿತು. ಮಾಪಕಕ್ಕೆ ೭೫೦ ಸುತ್ತು ಬೇಕಾಗಿದ್ದು, ಬಾಣವು ಆರೇ ಸುತ್ತು ಸುತ್ತಿತೆಂದರೆ ದೊರೆಯುವುದು ೬೦೦. ಅಲ್ಲಿಗೆ ಅಜ್ಜಿಯ ಅನುಮಾನ ಸಾಬೀತಾಯಿತು.

ಇನ್ನೊಂದು ಪರೀಕ್ಷೆ ರಸ್ತೆಯದು. ಹೆಸರು ಮೈಲಿಗಲ್ಲಾದರೂ ಅದೀಗ ಹೇಳುವುದು ಕಿಲೋಮೀಟರನ್ನು. ೧೯೫೬ರ ಅಳತೆ-ತೂಕಗಳ ಕಾಯಿದೆಯಿಂದ ದೇಶಕ್ಕೆ ಮೀಟರಿನ ಪದ್ಧತಿ ಬಂದಿತು. ಕಾರಿನ ಮಾಪಕವು ಇನ್ನೂ ಮೈಲಿಯದೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಒಂದು ಮೈಲಿಯೆಂದರೆ ಸುಮಾರು ೧.೬ ಕಿಲೋಮೀಟರ್. ಸಂದಣಿಯಿಲ್ಲದ ಹೊತ್ತಿನಲ್ಲಿ ಮುಳ್ಳನ್ನು ಅರವತ್ತಕ್ಕೆ ನಿಲ್ಲಿಸಿ ಓಡಿಸಿದರೆ ಕಲ್ಲಿನಿಂದ ಕಲ್ಲಿಗೆ ಸರಿಯಾಗಿ ೬೦ ಸೆಕೆಂಡು ಹಿಡಿಯಬೇಕು. ೪೮ ಸೆಕೆಂಡಿಗೇ ಕಲ್ಲು ಎದುರಾದರೆ ನಿಜವಾದ ವೇಗ ೭೫. ೭೨ ಹಿಡಿದರೆ ಬರಿಯ ೫೦. ಗಡಿಯಾರವು ಪಕ್ಕದಲ್ಲಿ ಕುಳಿತವರ ಕೈಯಲ್ಲಿರಲಿ. ಚಾಲಕನ ಕಣ್ಣು ರಸ್ತೆಯ ಮೇಲಿರಲಿ. ರಸ್ತೆ ಅಗಲಿಸಿದೆಡೆ ಕಲ್ಲುಗಳ ಅಂತರ ಹೆಚ್ಚುಕಡಿಮೆಯಾಗಿರಬಹುದು; ಆದುದರಿಂದ ಒಂದನ್ನೇ ನಂಬದೆ ಹತ್ತು ಕಲ್ಲುಗಳನ್ನು ಎಣಿಸುವುದು ಕ್ಷೇಮ. ಉಪಗ್ರಹಗಳಿಂದ ವೇಗವನ್ನು ತಿಳಿಯುವ ಇಂದಿನ ಮೊಬೈಲನ್ನೂ ಎರಡನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಬಹುದು.

ಇನ್ನು ಪರಿಹಾರ. ಎಲ್ಲಕ್ಕಿಂತ ಲೇಸಾದದ್ದು ಆ ಪುಟ್ಟ ಚಕ್ರವನ್ನೇ ಬದಲಿಸುವುದು. ಅದಕ್ಕೆ ೧೫ ಹಲ್ಲುಗಳಿದ್ದರೆ ೧೨ ಹಲ್ಲಿನದನ್ನು ಹಾಕಿದಾಗ ೬೦೦ ಸುತ್ತು ೭೫೦ ಆಗುತ್ತದೆ. ತಕ್ಕ ಚಕ್ರ ಸಿಗದಿದ್ದರೆ, ನಾಲ್ಕು ಸುತ್ತು ಒಳಬಂದರೆ ಐದು ಸುತ್ತು ಹೊರಬಿಡುವ ಸಣ್ಣ ಹಲ್ಲಿನ ಡಬ್ಬಿಯನ್ನು ಕೇಬಲ್ಲಿನ ದಾರಿಯಲ್ಲಿ ಸೇರಿಸಬಹುದು.

ಮೂರನೆಯದೊಂದು ಸುಲಭದ ದಾರಿಯುಂಟು. ಜನರು ಮೋಸಹೋಗುವುದು ಅಲ್ಲಿಯೇ. ಮೀಟರು ರಿಪೇರಿಯವರು ಮಾಪಕವನ್ನು ಬಿಚ್ಚಿ, ಸುರುಳಿ ಕಮಾನಿನ ಬಿಗಿಯನ್ನೋ ಅಯಸ್ಕಾಂತದ ಬಲವನ್ನೋ ತಿದ್ದಿ ಮುಳ್ಳನ್ನು ಸರಿಯಾದ ಅಂಕೆಗೆ ತಂದು ನಿಲ್ಲಿಸಬಲ್ಲರು. ಆದರೆ ಅದೇ ಮಾಪಕದಲ್ಲಿ ದೂರವನ್ನು ಎಣಿಸುವ ಅಂಕೆಗಳ ಸಾಲಿಗೆ ಕಮಾನೂ ಇಲ್ಲ, ಅಯಸ್ಕಾಂತವೂ ಇಲ್ಲ. ಅದು ಹಲ್ಲಿಗೆ ಹಲ್ಲು ಕೂಡಿಸಿ ಎಣಿಸುವ ಯಂತ್ರ. ಮುಳ್ಳು ಒಲಿಯಬಹುದು, ಎಣಿಕೆ ಒಲಿಯದು. ಕಾರು ಹತ್ತು ಕಿಲೋಮೀಟರ್ ಸಾಗಿದರೆ ಅದು ಎಂಟನ್ನೇ ಬರೆದುಕೊಳ್ಳುತ್ತದೆ. ಐದು ಸಾವಿರಕ್ಕೆ ಬದಲಿಸಬೇಕಾದ ಎಂಜಿನ್ ಎಣ್ಣೆ ೬,೨೫೦ರವರೆಗೆ ಕಪ್ಪಾಗುತ್ತ ಕೂರುತ್ತದೆ. ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುವ ಎಂಜಿನ್ನು ಒಂಬತ್ತೂವರೆಯನ್ನೇ ಕೊಟ್ಟಂತೆ ತೋರಿ ವೃಥಾ ಬೈಗುಳ ತಿನ್ನುತ್ತದೆ. ನಾಳೆ ಆ ಕಾರನ್ನು ಕೊಳ್ಳುವವನಿಗೂ, ಮಾರುವವನು ಬಯಸದೆಯೇ, ವಂಚನೆಯಾಗುತ್ತದೆ. ಹೀಗಾಗಿ ಮೊದಲು ಸುತ್ತಿನ ಲೆಕ್ಕವನ್ನು ಸರಿಪಡಿಸಿ, ಆಮೇಲೂ ಉಳಿದ ಅಲ್ಪಸ್ವಲ್ಪ ತಪ್ಪಿಗೆ ಮಾತ್ರ ಕಮಾನನ್ನು ಮುಟ್ಟುವುದು ವಿವೇಕ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ವೇಗಮಾಪಕಕ್ಕೆ ನೂರಕ್ಕೆ ಹತ್ತರಷ್ಟು ಹೆಚ್ಚುಕಡಿಮೆಯನ್ನು ಮನ್ನಿಸುತ್ತವೆ. ನೂರಕ್ಕೆ ಇಪ್ಪತ್ತರ ಸುಳ್ಳನ್ನಲ್ಲ.

ಚಳ್ಳಕೆರೆಯ ಮಂಡಿಯಲ್ಲಿ ಶೇಂಗಾ ತೂಗುವವನು ತಕ್ಕಡಿಯ ಮುಳ್ಳನ್ನು ಬಗ್ಗಿಸಿ ನೆಟ್ಟಗೆ ನಿಲ್ಲಿಸಿದರೆ ತೂಕ ಸರಿಯಾಗುವುದಿಲ್ಲ. ತೂಕದ ಕಲ್ಲು ಸರಿಯಿರಬೇಕು. ಕಾರಿನ ವಿಷಯವೂ ಹಾಗೆಯೇ.

ಚಕ್ರ ಬದಲಾದ ಮೇಲೆ ಆ ಸಂಸಾರವು ಮತ್ತೊಮ್ಮೆ ಮೊಳಕಾಲ್ಮೂರಿಗೆ ಹೊರಟೀತು. ಮುಳ್ಳು ಅರವತ್ತರಲ್ಲಿ, ಕಲ್ಲಿನಿಂದ ಕಲ್ಲಿಗೆ ಅರವತ್ತು ಸೆಕೆಂಡು. ಅಜ್ಜಿ ಈ ಸಲ ಮಾತಾಡುವುದಿಲ್ಲ. ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದ್ದಾರೆ. ರಿಪೇರಿ ಸರಿಯಾಯಿತೆಂಬುದಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ?