ವಿಶ್ವವಿದ್ಯಾನಿಲಯದಲ್ಲಿ ಮರಗೆಲಸದ ಶಿಕ್ಷಣ

ಕೈಗೆಲಸವನ್ನು ನುರಿತವನ ಪಕ್ಕದಲ್ಲಿದ್ದು ಕಲಿಯುವುದು ಬಹು ಹಳೆಯ ಪದ್ಧತಿ. ಬಡಗಿಯ ಮಗನು ತಂದೆಯ ಉಳಿ ಬಾಚಿಗಳ ನಡುವೆ ಬೆಳೆದು ಬಡಗಿಯಾಗುತ್ತಿದ್ದನು. ವಿಶ್ವವಿದ್ಯಾನಿಲಯವಾದರೋ ಗ್ರಂಥ, ಉಪನ್ಯಾಸಗಳ ಕ್ಷೇತ್ರವಾಗಿತ್ತು. ಇವೆರಡೂ ಒಂದೇ ಸೂರಿನಡಿ ಕೂಡಿದುದು ಹೇಗೆ, ಅದರಿಂದ ವಿದ್ಯೆಗಾದ ಲಾಭವೇನು, ಎದುರಾದ ಅಪಾಯವೇನು ಎಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ನಿದರ್ಶನದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಎರಡನೆಯ ಮಹಾಯುದ್ಧದಿಂದ ಹಿಂದಿರುಗುವ ಯೋಧರಿಗೆ ಜೀವನೋಪಾಯದ ಶಿಕ್ಷಣವೀಯಬೇಕೆಂಬ ಆಶಯದಿಂದ 1944ರಲ್ಲಿ ಐಲೀನ್ ಆಸ್ಬಾರ್ನ್ ವೆಬ್ ಅವರು 'ಸ್ಕೂಲ್ ಫಾರ್ ಅಮೆರಿಕನ್ ಕ್ರಾಫ್ಟ್ಸ್‌ಮೆನ್' ಎಂಬ ಶಾಲೆಯನ್ನು ಸ್ಥಾಪಿಸಿದರು. ಡಾರ್ಟ್‌ಮತ್ ಕಾಲೇಜಿನಲ್ಲಿ ಆರಂಭವಾದ ಅದು 1946ರಲ್ಲಿ ಆಲ್ಫ್ರೆಡ್ ವಿಶ್ವವಿದ್ಯಾನಿಲಯಕ್ಕೂ 1950ರಲ್ಲಿ ರಾಚೆಸ್ಟರ್ ನಗರಕ್ಕೂ ವರ್ಗಾವಣೆಗೊಂಡಿತು. 1948ರಲ್ಲಿ ಅಲ್ಲಿಗೆ ಬೋಧಕರಾಗಿ ಬಂದವರು ಡೆನ್ಮಾರ್ಕಿನ ಟಾಗೆ ಫ್ರಿಡ್. ಬಾಲ್ಯದಲ್ಲಿಯೇ ಬಡಗಿಯ ಶಿಷ್ಯವೃತ್ತಿಗೆ ಸೇರಿದ್ದ ಅವರ ಮೂಲಕ ಯೂರೋಪಿನ ಹಳೆಯ ಕಸುಬು ಪದವಿ ತರಗತಿಯನ್ನು ಪ್ರವೇಶಿಸಿತು.

ಅಲ್ಲಿ ಕಲಿಯಬೇಕಾದುದೇನು? ಮೊದಲನೆಯದು ಮರದ ಸ್ವಭಾವ. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಬದಲಾವಣೆ ಎಳೆಯ ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಗಣನೀಯ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು ಇದರಿಂದಲೇ. ಅಗಲವಾದ ಹಲಗೆಯನ್ನು ಚೌಕಟ್ಟಿಗೆ ಅಂಟಿನಿಂದ ಬಿಗಿದರೆ ಅದು ಒಣಗಿದಾಗ ಸೀಳುತ್ತದೆ. ಆದುದರಿಂದ ಚೌಕಟ್ಟಿನಲ್ಲಿ ಗಾಡಿ ತೆಗೆದು, ಅಂಟಿಲ್ಲದೆ ಹಲಗೆಯನ್ನು ಅದರೊಳಗೆ ಸಡಿಲವಾಗಿ ಕೂರಿಸುತ್ತಾರೆ. ಹೀಗೆ ಪೀಠೋಪಕರಣದ ವಿನ್ಯಾಸವು ಕಾಗದದ ಮೇಲಷ್ಟೇ ನಿರ್ಣಯವಾಗುವುದಿಲ್ಲ. ರಚನೆಯೇ ವಿನ್ಯಾಸಕ್ಕೆ ಆಧಾರವಾಗಬೇಕೆಂಬುದು ಫ್ರಿಡ್ಡರ ಬೋಧನೆಯ ಸಾರ.

ಆದರೆ ವಿಶ್ವವಿದ್ಯಾನಿಲಯದಲ್ಲಿ ಪ್ರತಿಪಕ್ಷವೂ ಹುಟ್ಟುವುದು ಸಹಜ. ಕಾನ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿದ ವೆಂಡೆಲ್ ಕ್ಯಾಸಲ್ ಅವರು 1962ರಲ್ಲಿ ರಾಚೆಸ್ಟರಿನಲ್ಲಿ ಬೋಧಕರಾದರು. ಹಲಗೆಗಳನ್ನು ಪದರಪದರವಾಗಿ ಅಂಟಿಸಿ ದಿಮ್ಮಿಯಾಗಿಸಿ, ಅದನ್ನು ಶಿಲ್ಪಿಯಂತೆ ಕೆತ್ತಿ ಕುರ್ಚಿ ಮೇಜುಗಳನ್ನು ತೆಗೆಯುವುದು ಅವರ ಮಾರ್ಗ. ಅದೇ ವರ್ಷ ಫ್ರಿಡ್ ಅವರು ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಸೇರಿ 1985ರವರೆಗೆ ಬೋಧಿಸಿದರು. ಕುರ್ಚಿ ಕುಳಿತುಕೊಳ್ಳುವ ಸಾಧನವೋ, ಆಕೃತಿಯೋ? ಗಿರಾಕಿಯ ಬೇಡಿಕೆಯೇ ಪ್ರಮಾಣವಾದ ಅಂಗಡಿಯಲ್ಲಿ ಈ ಪ್ರಶ್ನೆಗೆ ಎಡೆಯಿರಲಿಲ್ಲ. ಈ ಜಿಜ್ಞಾಸೆಗೆ ಅವಕಾಶವಾದುದೇ ವಿದ್ಯಾಲಯವು ಕಸುಬಿಗೆ ನೀಡಿದ ಕೊಡುಗೆಯೆಂದು ನಾವು ಭಾವಿಸುತ್ತೇವೆ.

ಅಪಾಯವೂ ಅಲ್ಲಿಯೇ ಇದೆ. ಫ್ರಿಡ್ಡರ ಶಿಷ್ಯರಾದ ಜೆರ್ ಆಸ್ಗುಡ್ ಮೊದಲಾದವರು ಬೋಧಿಸಿದ, ಬಾಸ್ಟನ್ ವಿಶ್ವವಿದ್ಯಾನಿಲಯದ ಕುಶಲಕರ್ಮ ವಿಭಾಗವು 1975ರಲ್ಲಿ ಆರಂಭವಾಗಿ 1985ರಲ್ಲಿ ಅಲ್ಲಿ ಕೊನೆಗೊಂಡಿತು. ಬಳಿಕ ಅದು ಬೇರೊಂದು ಕಲಾಶಾಲೆಯ ಆಶ್ರಯ ಪಡೆಯಿತು. ಕಾರ್ಯಶಾಲೆಗೆ ವಿಸ್ತಾರವಾದ ಸ್ಥಳ, ಯಂತ್ರ, ಮರ ಬೇಕು, ವಿದ್ಯಾರ್ಥಿಗಳಾದರೋ ಕೆಲವರೇ. ಆಯವ್ಯಯದ ಪತ್ರದಲ್ಲಿ ಇದು ಭಾರವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಗ್ರಂಥಾಲಯವನ್ನು ಮುಚ್ಚಿದರೆ ಗ್ರಂಥಗಳನ್ನು ಬೇರೆಡೆ ಇಡಬಹುದು. ಉಜ್ಜುಗೊರಡಿನ ಅಲಗು ಮರಕ್ಕೆ ಎಷ್ಟು ಕಚ್ಚಬೇಕೆಂದು ತಿಳಿದ ಕೈಯನ್ನು ಕಪಾಟಿನಲ್ಲಿ ಇಡಲಾಗದು. ಫ್ರಿಡ್ಡರೇ 1979ರಿಂದ ಮರಗೆಲಸದ ಬೋಧನೆಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಆದರೂ ಗ್ರಂಥವು ಶಿಷ್ಯನ ತಪ್ಪನ್ನು ನೋಡಿ ತಿದ್ದಲಾರದು.

ಇತಿಹಾಸಕಾರರಾದ ನಾವು ಶಾಸನ, ಕಡತಗಳನ್ನೇ ಆಧಾರಗಳೆಂದು ಎಣಿಸಲು ಕಲಿತವರು. ಗಾಡಿಯೊಳಗೆ ಸಡಿಲವಾಗಿ ಕೂತ ಹಲಗೆಯೂ ಒಂದು ದಾಖಲೆಯೇ: ಅದನ್ನು ಮಾಡಿದವನಿಗೆ ಯಾರೋ ಕಲಿಸಿದ್ದರೆಂಬುದಕ್ಕೆ ಅದು ಸಾಕ್ಷಿ. ಆ ಕಲಿಕೆಯ ಸರಣಿಯು ಒಂದು ತಲೆಮಾರಿನಲ್ಲಿ ಕಡಿದರೆ, ಮುಂದಿನವರಿಗೆ ವಸ್ತು ಉಳಿದೀತು, ವಿದ್ಯೆ ಉಳಿಯದು.